14 ಮಂದಿ, ನಾಯಕ ಮಾತ್ರ ಯಾರೂ ಇಲ್ಲ: 'ಫೈನಲ್ ಫ್ಯಾಂಟಸಿ 6' ಈಗ ಆಡಬಹುದಾ?

ಪ್ರಶ್ನೆ: ನಾನು ಈಚಿನ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನಷ್ಟೇ ಆಡಿದವನು. 'ಫೈನಲ್ ಫ್ಯಾಂಟಸಿ 6' ಆ ಸರಣಿಯಲ್ಲೇ ಶ್ರೇಷ್ಠ ಅಂತ ತುಂಬಾ ಜನ ಹೇಳುತ್ತಾರೆ. ಗೆಳೆಯನೊಬ್ಬ ಮಾತ್ರ "ಅರ್ಧದವರೆಗೆ ಸೂಪರ್, ಪ್ರಪಂಚ ಒಡೆದ ಮೇಲೆ ಪೂರ್ತಿ ಸಡಿಲ, ಕಾಳಗವಂತೂ ತೀರಾ ಸುಲಭ" ಅನ್ನುತ್ತಾನೆ. ವಿಮಾನ ಸಿಕ್ಕ ತಕ್ಷಣ ನೇರ ಕೊನೆಯ ಗೋಪುರಕ್ಕೆ ಹೋಗಿ ಮುಗಿಸಿಬಿಡು ಅಂತಲೂ ಹೇಳಿದ. ಯಾರ ಮಾತು ಸರಿ? ಈಗ ಆಡುವುದಾದರೆ ಯಾವ ಆವೃತ್ತಿ?

ಉತ್ತರ: ಕಾಳಗದ ವಿಷಯದಲ್ಲಿ ನಿಮ್ಮ ಗೆಳೆಯ ಹೇಳಿದ್ದು ಸರಿ. ಸಡಿಲ ಅನ್ನುವುದು ಅರ್ಧ ಸರಿ. ನೇರ ಗೋಪುರಕ್ಕೆ ಹೋಗು ಅಂದದ್ದನ್ನು ಮಾತ್ರ ದಯವಿಟ್ಟು ಕೇಳಬೇಡಿ. ಪ್ರಪಂಚ ಒಡೆಯುತ್ತದೆ ಅನ್ನುವುದನ್ನು ಅವರೇ ಹೇಳಿಬಿಟ್ಟಿದ್ದಾರೆ, ಹಾಗಾಗಿ ನಾನು ಅದನ್ನು ಮುಚ್ಚಿಡುವುದಿಲ್ಲ. ಉಳಿದ ಗುಟ್ಟುಗಳನ್ನು ಆದಷ್ಟು ಕಾಪಾಡುತ್ತೇನೆ.

ಈ ಗೇಮ್‌ನಲ್ಲಿ ಕಾಯಂ ಆಗಿ ನಿಮ್ಮ ಪಾರ್ಟಿಗೆ, ಅಂದರೆ ನೀವು ನಡೆಸುವ ತಂಡಕ್ಕೆ, ಸೇರಬಲ್ಲವರು 14 ಮಂದಿ. ಅವರಲ್ಲಿ ನಾಯಕ ಅಂತ ಯಾರೂ ಇಲ್ಲ. ಶುರುವಾಗುವುದು ಟೆರಾ ಎಂಬ ಹುಡುಗಿಯಿಂದ. ಆದರೆ ಕಥೆ ಅವಳ ಕೈಯಿಂದ ಲಾಕ್‌ಗೆ, ಅವನಿಂದ ಸೇಬಿನ್‌ಗೆ, ಆಮೇಲೆ ಸೆಲೆಸ್‌ಗೆ ಹೀಗೆ ಕೈ ಬದಲಾಯಿಸುತ್ತಾ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಇದರ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಮ್ಮಿ ಇದೊಂದೇ ತೀರ್ಮಾನದಿಂದ ಹುಟ್ಟಿದ್ದು.

ಸ್ವಲ್ಪ ಹಿನ್ನೆಲೆ. ಜಪಾನಿನ ಸ್ಕ್ವೇರ್ ಕಂಪನಿ ಇದನ್ನು 1994ರ ಏಪ್ರಿಲ್‌ನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಬಿಡುಗಡೆ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಹೋದಾಗ ಹೆಸರು 'ಫೈನಲ್ ಫ್ಯಾಂಟಸಿ 3' ಆಗಿತ್ತು, ಯಾಕೆಂದರೆ ನಡುವಿನ ಮೂರು ಗೇಮ್‌ಗಳು ಅಲ್ಲಿಗೆ ಆಗ ಹೋಗಿರಲೇ ಇಲ್ಲ. ಹಳೆಯ ಬರಹಗಳಲ್ಲಿ '3' ಅಂತ ಕಂಡರೆ ಗಾಬರಿಯಾಗಬೇಡಿ. ನಿರ್ಮಾಪಕ ಹಿರೊನೊಬು ಸಕಾಗುಚಿ. ನಿರ್ದೇಶಕರು ಇಬ್ಬರು, ಯೊಶಿನೊರಿ ಕಿತಾಸೆ ಮತ್ತು ಹಿರೊಯುಕಿ ಇಟೊ. ಕಥೆಯ ದೃಶ್ಯಗಳಲ್ಲಿ ಕಿತಾಸೆಯ ಕೈ ಜಾಸ್ತಿ, ಕಾಳಗದ ಲೆಕ್ಕಾಚಾರದಲ್ಲಿ ಇಟೊ ಅವರದ್ದು. ಸಂಗೀತ ನೊಬುವೊ ಉಎಮಾತ್ಸು. ಇಡೀ ಗೇಮ್ ಇದ್ದದ್ದು 24 ಮೆಗಾಬಿಟ್ ಕಾರ್ಟ್ರಿಜ್‌ನಲ್ಲಿ, ಅಂದರೆ ಬರೀ 3 ಎಂಬಿ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋವೇ ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ.

ಆ 3 ಎಂಬಿಯಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಿಂದಿನ ಗೇಮ್‌ಗಳಲ್ಲಿ ಊರಲ್ಲಿ ಓಡಾಡುವಾಗ ಪಾತ್ರ ಒಂದು ಪುಟ್ಟ ಬೊಂಬೆ, ಕಾಳಗಕ್ಕೆ ಇಳಿದಾಗ ಬೇರೆಯದೇ ದೊಡ್ಡ ಚಿತ್ರ. ಆರನೆಯದರಲ್ಲಿ ಎರಡಕ್ಕೂ ಒಂದೇ ಬೊಂಬೆ. ಕೇಳಲು ಸಣ್ಣ ವಿಷಯ. ಆದರೆ ಇದರಿಂದಾಗಿ ಕಾಳಗಕ್ಕೆ ಬರೆದ ಭಂಗಿಗಳೆಲ್ಲ ಕಥೆ ಹೇಳುವುದಕ್ಕೂ ಒದಗಿದವು. ತಲೆ ತಗ್ಗಿಸುವುದು, ಬೆರಳು ಆಡಿಸುವುದು, ಬೆಚ್ಚಿ ಕೈ ಎತ್ತುವುದು, ಕಣ್ಣು ಮಿಟುಕಿಸುವುದು, ಬೆನ್ನು ತಿರುಗಿಸಿ ನಿಲ್ಲುವುದು. ಒಂದು ಹಿಡಿ ಭಂಗಿಗಳು, ಅಷ್ಟೇ. ಅದರಲ್ಲೇ ಒಂದು ಬೊಂಬೆಯಾಟ ಕಟ್ಟಿದ್ದಾರೆ. ಒಬ್ಬ ಮಾತು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು, ಅವನ ಮನಸ್ಸಲ್ಲಿ ಏನಿದೆ ಅಂತ ನಮಗೆ ಗೊತ್ತಾಗುತ್ತದೆ.

ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನಲು ಭೂತಗಳ ರೈಲಿನ ಪ್ರಸಂಗ ನೋಡಿ. ಸಯಾನ್ ಎಂಬ ಯೋಧನ ಕೋಟೆಯ ನೀರಿಗೆ ಖಳನಾಯಕ ಕೆಫ್ಕಾ ವಿಷ ಬೆರೆಸಿ ಎಲ್ಲರನ್ನೂ ಕೊಂದಿರುತ್ತಾನೆ. ಸಯಾನ್‌ನ ಹೆಂಡತಿ, ಪುಟ್ಟ ಮಗ ಕೂಡ ಹೋಗಿರುತ್ತಾರೆ. ದಾರಿ ತಪ್ಪಿ ಅವನು, ಸೇಬಿನ್ ಇಬ್ಬರೂ ಸತ್ತವರನ್ನು ಕರೆದೊಯ್ಯುವ ರೈಲು ಹತ್ತುತ್ತಾರೆ. ಅಲ್ಲಿಂದ ಮುಂದೆ ಶುದ್ಧ ತಮಾಷೆ. ಊಟದ ಬೋಗಿಯಲ್ಲಿ ಭೂತ ಬಂದು ಬಡಿಸುತ್ತದೆ. ಕೊನೆಗೆ ರೈಲಿನ ಎಂಜಿನ್ನೇ ಬಾಸ್, ಅಂದರೆ ಸೋಲಿಸಬೇಕಾದ ದೊಡ್ಡ ಶತ್ರು! ಸೇಬಿನ್ ಕುಸ್ತಿ ಪಟು. ಅವನಿಗೆ ಎತ್ತಿ ಕುಕ್ಕುವ ಪಟ್ಟು ಒಂದಿದೆ. ಅದನ್ನು ಹಾಕಿದರೆ ಅವನು ಇಡೀ ರೈಲನ್ನೇ ಎತ್ತಿ ತಲೆಕೆಳಗಾಗಿ ಕುಕ್ಕುತ್ತಾನೆ. ನಗು ತಡೆಯಲಾಗುವುದಿಲ್ಲ. (ಸತ್ತವರನ್ನು ಬದುಕಿಸುವ ಫೀನಿಕ್ಸ್ ಗರಿಯನ್ನು ಎಸೆದರೆ ಆ ಬಾಸ್ ಒಂದೇ ಏಟಿಗೆ ಮುಗಿಯುತ್ತದೆ. ಭೂತಕ್ಕೆ ಜೀವದ ಮದ್ದೇ ವಿಷ.) ಇಷ್ಟಾಗಿ ರೈಲಿಳಿದ ಮೇಲೆ, ಸಯಾನ್ ಹಿಂದಿರುಗಿ ನೋಡುತ್ತಾನೆ. ಪ್ಲಾಟ್‌ಫಾರಂ ಮೇಲೆ ಸಾಲು ನಿಂತವರಲ್ಲಿ ಅವನ ಹೆಂಡತಿ, ಮಗ. ಅವನು ಓಡುತ್ತಾನೆ. ರೈಲು ಹೊರಡುತ್ತದೆ. ಸೇಬಿನ್ ಏನೂ ಹೇಳುವುದಿಲ್ಲ, ಸುಮ್ನೆ ನಿಂತಿರುತ್ತಾನೆ. ಐದು ನಿಮಿಷದ ಹಿಂದೆ ರೈಲು ಎತ್ತಿ ಕುಕ್ಕಿದವನು ಇವನೇ ಅಲ್ವಾ ಅನ್ನಿಸುತ್ತದೆ. ಈ ನಗು ಮತ್ತು ಅಳು ಒಂದರ ಕಾಲು ಒಂದು ತುಳಿಯದೆ ಪಕ್ಕಪಕ್ಕ ನಡೆಯುವುದು ಎಷ್ಟೋ ದೊಡ್ಡ ಬಜೆಟ್ಟಿನ ಗೇಮ್‌ಗಳಿಗೂ ಸಾಧ್ಯವಾಗಿಲ್ಲ.

ಆಪೆರಾ ದೃಶ್ಯದ ಬಗ್ಗೆ ನೀವು ಕೇಳಿರುತ್ತೀರಿ. ಸೆಲೆಸ್ ಹಿಂದೆ ಶತ್ರು ಸೇನೆಯಲ್ಲಿ ದಳಪತಿಯಾಗಿದ್ದವಳು. ಒಂದು ಉಪಾಯಕ್ಕಾಗಿ ಅವಳು ಮರಿಯಾ ಎಂಬ ಗಾಯಕಿಯ ಜಾಗದಲ್ಲಿ ವೇದಿಕೆ ಹತ್ತಬೇಕಾಗುತ್ತದೆ. ಸಾಲುಗಳನ್ನು ನೀವೇ ಬಾಯಿಪಾಠ ಮಾಡಿ, ಸರಿಯಾದ ಜಾಗದಲ್ಲಿ ಸರಿಯಾದ ಸಾಲು ಆರಿಸಬೇಕು. ಆಮೇಲೆ ಹೂಗುಚ್ಛ ಹಿಡಿದು ಮೆಟ್ಟಿಲೇರಬೇಕು. ಮೂಲ ಯಂತ್ರದ ಸೌಂಡ್ ಚಿಪ್‌ನಲ್ಲಿ ಒಟ್ಟಿಗೆ ನುಡಿಸಬಹುದಾದದ್ದು 8 ದನಿ ಮಾತ್ರ, ಅದಕ್ಕಿದ್ದ ಮೆಮೊರಿ 64 ಕೆಬಿ. ಅದರಲ್ಲಿ ಮನುಷ್ಯರ ದನಿ ಹಾಡಿಸುವುದು ಆಗದ ಮಾತು. ಹಾಗಾಗಿ ಗಂಟಲಿನಂತೆ ಕೇಳುವ ಒಂದು ಕೃತಕ ಸ್ವರ ರಾಗ ಎಳೆಯುತ್ತದೆ, ಪದಗಳು ಕೆಳಗೆ ಬರಹದಲ್ಲಿ ಬರುತ್ತವೆ. ಪದ ನೀವು ಓದುತ್ತೀರಿ, ದನಿಯನ್ನು ನಿಮ್ಮ ತಲೆ ಸೇರಿಸಿಕೊಳ್ಳುತ್ತದೆ. ಇತ್ತ ಮೇಲಿನ ಅಟ್ಟದಲ್ಲಿ ಒಂದು ಆಕ್ಟೋಪಸ್ ಅವಳ ತಲೆ ಮೇಲೆ 4 ಟನ್ ತೂಕ ಬೀಳಿಸಲು ಹೆಣಗುತ್ತಿರುತ್ತದೆ. ತೂಕ ಭಾರ, ತಳ್ಳಲು 5 ನಿಮಿಷ ಬೇಕು ಅಂತ ಅದೇ ಗೊಣಗುತ್ತದೆ. ಆ 5 ನಿಮಿಷವೇ ನಿಮಗಿರುವ ಟೈಮರ್!

ಸಂಗೀತದ ಬಗ್ಗೆ ಬರೆಯಲು ಕೂತರೆ ಈ ಉತ್ತರ ಮುಗಿಯುವುದಿಲ್ಲ, ಒಂದೇ ಮಾತು ಹೇಳುತ್ತೇನೆ. ಮುಖ್ಯ ಪಾತ್ರಗಳಿಗೆಲ್ಲ ಅವರದೇ ರಾಗ ಇದೆ. ಮೊದಲರ್ಧದಲ್ಲಿ ಭೂಪಟದ ಮೇಲೆ ನಡೆಯುವಾಗ ಕೇಳುವುದು ಟೆರಾಳ ರಾಗ. ಪ್ರಪಂಚ ಒಡೆದ ಮೇಲೆ ಅದು ನಿಂತೇ ಹೋಗುತ್ತದೆ, ಗಾಳಿಯ ಸದ್ದಿನ ಜೊತೆ ಒಂದು ಮಂಕು ರಾಗ ಬರುತ್ತದೆ. ಗಂಟೆಗಟ್ಟಲೆ ಅದನ್ನೇ ಕೇಳುತ್ತೀರಿ. ಆಮೇಲೆ ಎರಡನೇ ವಿಮಾನ ಮೇಲೆದ್ದಾಗ ಹೊಸ ರಾಗ ಶುರುವಾಗುತ್ತದೆ, ಕಳೆದುಹೋದ ಗೆಳೆಯರನ್ನು ಹುಡುಕುವ ರಾಗ. ಆ ಹೊತ್ತಿಗೆ ನಿಮಗೆ ಯಾರೂ ಏನೂ ಹೇಳಬೇಕಿಲ್ಲ.

ಇನ್ನು ದೂರುಗಳಿಗೆ ಬರೋಣ.

ಕಾಳಗದ ದೊಡ್ಡ ತೊಂದರೆ ಎಲ್ಲಿದೆ ಗೊತ್ತಾ? ಶುರುವಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸ್ವಂತ ವಿದ್ಯೆ ಇರುತ್ತದೆ. ಲಾಕ್ ಕದಿಯುತ್ತಾನೆ. ರಾಜ ಎಡ್ಗರ್ ಯಂತ್ರ ತೆಗೆಯುತ್ತಾನೆ. ಸೇಬಿನ್‌ಗೆ ಫೈಟಿಂಗ್ ಗೇಮ್‌ಗಳಂತೆ ಎಡ, ಬಲ, ಎಡ ಅಂತ ಬಟನ್ ಒತ್ತಿ ಪಟ್ಟು ಹಾಕಿಸಬೇಕು. ಸೆಟ್ಜರ್ ಜೂಜಿನ ಚಕ್ರ ತಿರುಗಿಸುತ್ತಾನೆ. ಕಾಡಿನ ಹುಡುಗ ಗೌ ಮೃಗಗಳ ಗುಂಪಿಗೆ ಹಾರಿ, ಅವುಗಳ ರೀತಿ ಕಲಿತು ವಾಪಸ್ ಬರುತ್ತಾನೆ. ಪಾರ್ಟಿ ಬದಲಾದರೆ ಆಟದ ರುಚಿಯೇ ಬದಲಾಗುತ್ತದೆ. ಅರ್ಧ ದಾರಿ ಬರುವಷ್ಟರಲ್ಲಿ ಮ್ಯಾಜಿಸೈಟ್ ಎಂಬ ಕಲ್ಲುಗಳು ಸಿಗುತ್ತವೆ. ಒಂದು ಕಲ್ಲು ತೊಡಿಸಿ ಕಾಳಗ ಮಾಡುತ್ತಾ ಹೋದರೆ, ಅದರಲ್ಲಿರುವ ಮಂತ್ರಗಳು ತೊಟ್ಟವರಿಗೆ ಕಾಯಂ ಆಗಿ ಬರುತ್ತವೆ. ಉಮಾರೋ, ಗೋಗೋ ಇಬ್ಬರನ್ನು ಬಿಟ್ಟು ಉಳಿದ 12 ಮಂದಿಯೂ ಎಲ್ಲವನ್ನೂ ಕಲಿಯಬಹುದು.

ಅಲ್ಲಿಗೆ ಕಥೆ ಮುಗಿಯಿತು. ಕುಸ್ತಿ ಪಟುವೂ ಅತಿ ಬಲದ ಅಲ್ಟಿಮಾ ಮಂತ್ರ ಹಾಕುತ್ತಾನೆ, ರಾಜನೂ ಹಾಕುತ್ತಾನೆ, ಚಿತ್ರ ಬರೆಯುವ 10 ವರ್ಷದ ಹುಡುಗಿಯೂ ಹಾಕುತ್ತಾಳೆ. 9999ರ ಏಟು ಎಲ್ಲರ ಕೈಯಲ್ಲೂ ಇರುವಾಗ ಯಾರ ವಿದ್ಯೆಗೆ ಏನು ಬೆಲೆ? ಯಾರನ್ನು ಬೇಕಾದರೂ ಇಷ್ಟಪಟ್ಟು ಪಾರ್ಟಿಗೆ ಹಾಕಿಕೊಳ್ಳಲಿ ಅನ್ನುವ ಉದಾರ ಮನಸ್ಸಿನಿಂದ ಮಾಡಿದ್ದು ಇದು. ನಾಯಕ ಇಲ್ಲದ ಗೇಮ್‌ಗೆ ಆ ಉದಾರತೆ ಬೇಕೇ ಬೇಕಿತ್ತು. ಆದರೆ ಕಥೆಯಲ್ಲಿ ಅಷ್ಟು ಬೇರೆ ಬೇರೆಯಾಗಿದ್ದ ಆ 12 ಜನ ಕಾಳಗದಲ್ಲಿ ಒಂದೇ ಅಚ್ಚಿನವರಾಗಿ ಹೋಗುತ್ತಾರೆ.

ಅದರ ಜೊತೆಗೆ ಒಂದು ವಕ್ರ ಲೆಕ್ಕವೂ ಇದೆ. ಲೆವೆಲ್ ಏರಿದಾಗ ಪ್ರಾಣಶಕ್ತಿ, ಮಂತ್ರಶಕ್ತಿಯ ಮೊತ್ತಗಳು ಮಾತ್ರ ತಾವಾಗಿ ಏರುತ್ತವೆ. ಬಲ, ವೇಗದಂಥವು ಏರುವುದು, ಲೆವೆಲ್ ಏರುವ ಹೊತ್ತಿಗೆ ಸರಿಯಾದ ಕಲ್ಲು ತೊಟ್ಟಿದ್ದರೆ ಮಾತ್ರ. ಇದು ಗೊತ್ತಾದ ಆಟಗಾರ ಏನು ಮಾಡುತ್ತಾನೆ? ಕಲ್ಲು ಸಿಗುವವರೆಗೆ ಕಾಳಗದಿಂದ ತಪ್ಪಿಸಿಕೊಂಡು ಓಡುತ್ತಾನೆ, ಸಿಕ್ಕ ಮೇಲೆ ಪ್ರತಿ ಲೆವೆಲ್‌ಗೂ ಮೆನು ತೆಗೆದು ಕಲ್ಲು ಬದಲಾಯಿಸುತ್ತಾ ಕೂರುತ್ತಾನೆ. ಆಟ ಆಡುವ ಬದಲು ಲೆಕ್ಕಪತ್ರ ಬರೆದಂತೆ. ನನ್ನ ಸಲಹೆ, ನೀವು ಇದನ್ನು ಮರೆತುಬಿಡಿ. ಇದ್ಯಾವುದೂ ಮಾಡದೆಯೂ ಗೇಮ್ ಮುಗಿಯುತ್ತದೆ, ಅಷ್ಟು ಸುಲಭ.

ವಿದ್ಯೆಗಳೂ ಸಮ ಇಲ್ಲ. ಎಡ್ಗರ್‌ನ ಆಟೋ ಕ್ರಾಸ್‌ಬೋ ಎದುರಿರುವ ಎಲ್ಲರಿಗೂ ಒಟ್ಟಿಗೆ ಹೊಡೆಯುತ್ತದೆ, ಬಾಣ ಖರ್ಚಾಗುವುದಿಲ್ಲ, ಆರಂಭದಲ್ಲೇ ಸಿಗುತ್ತದೆ. ಗಂಟೆಗಟ್ಟಲೆ ಅದೊಂದನ್ನೇ ಒತ್ತುತ್ತಾ ಇರಬಹುದು. ಪಾಪ ಸಯಾನ್‌ಗೆ ನೋಡಿ. ಅವನ ಕತ್ತಿವಿದ್ಯೆಗೆ 1ರಿಂದ 8ರವರೆಗೆ ಒಂದು ಪಟ್ಟಿ ನಿಧಾನವಾಗಿ ತುಂಬಬೇಕು. ಮೂಲ ಆವೃತ್ತಿಯಲ್ಲಿ ಅದು ತುಂಬುವ ತನಕ ಬೇರೆಯವರಿಗೂ ಆಜ್ಞೆ ಕೊಡುವ ಹಾಗಿಲ್ಲ. ಶತ್ರು ಹೊಡೆಯುತ್ತಿರುತ್ತಾನೆ, ನಾಲ್ಕೂ ಜನ ಸಂಖ್ಯೆ ನೋಡುತ್ತಾ ನಿಂತಿರುತ್ತಾರೆ. ಕಥೆಯಲ್ಲಿ ಎಲ್ಲರಿಗಿಂತ ಹತ್ತಿರವಾಗುವ ಮನುಷ್ಯ ಕಾಳಗದಲ್ಲಿ ಹೊರೆ.

ಮೂಲ ಕಾರ್ಟ್ರಿಜ್‌ನಲ್ಲಿ ಬಗ್‌ಗಳೂ ಇದ್ದವು, ಸಣ್ಣಪುಟ್ಟವಲ್ಲ. ಏಟು ತಪ್ಪಿಸಿಕೊಳ್ಳುವ ಗುಣ ಅಂತ ಒಂದು ಅಂಕಿ ಪರದೆ ಮೇಲೆ ಕಾಣುತ್ತದೆ. ಅದು ಏನೂ ಮಾಡುತ್ತಿರಲಿಲ್ಲ! ಮಂತ್ರ ತಪ್ಪಿಸಿಕೊಳ್ಳುವ ಅಂಕಿಯೇ ಎರಡೂ ಕೆಲಸ ನೋಡಿಕೊಳ್ಳುತ್ತಿತ್ತು. ಕುರುಡಾದವನ ಗುರಿ ತಪ್ಪಬೇಕು ತಾನೇ, ಅದೂ ತಪ್ಪುತ್ತಿರಲಿಲ್ಲ. ಬಾಸ್ ಮೇಲೆ ಮೊದಲು ಅದೃಶ್ಯ ಮಾಡುವ ಮಂತ್ರ, ಆಮೇಲೆ ಸಾವಿನ ಮಂತ್ರ ಹಾಕಿದರೆ ಎಂಥ ದೊಡ್ಡ ಬಾಸ್ ಆದರೂ ಹೆಚ್ಚಿನ ಸಲ ಅಲ್ಲೇ ಸಾಯುತ್ತಿತ್ತು. ರೆಲ್ಮ್ ಎಂಬ ಹುಡುಗಿಯ ಸ್ಕೆಚ್ ವಿದ್ಯೆ ಕೆಲವೊಮ್ಮೆ ಗೇಮ್‌ನ ಮೆಮೊರಿಯನ್ನೇ ಕಲಸಿಹಾಕಿ, ಸೇವ್ ಮಾಡಿದ್ದನ್ನೂ ಕೆಡಿಸುತ್ತಿತ್ತು. 2006ರಲ್ಲಿ ಜಪಾನ್‌ನಲ್ಲಿ ಬಂದ ಗೇಮ್‌ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಸರಿಯಾದವು. ಹಾಗಾಗಿ ಈಗ ಆಡುವವರಿಗೆ ಇದು ತಲೆನೋವಲ್ಲ, ಹಳೆಯ ಕಥೆ.

ಈಗ ನಿಮ್ಮ ಗೆಳೆಯನ ಮುಖ್ಯ ಆರೋಪ, ಎರಡನೇ ಅರ್ಧ.

ಪ್ರಪಂಚ ಒಡೆದು ಒಂದು ವರ್ಷದ ಮೇಲೆ ಸೆಲೆಸ್ ಒಂದು ಪುಟ್ಟ ದ್ವೀಪದಲ್ಲಿ ಕಣ್ಣು ಬಿಡುತ್ತಾಳೆ. ಅಲ್ಲಿರುವುದು ಅವಳು ಅಜ್ಜನಂತೆ ಕಾಣುವ ಮುದುಕ ಸಿಡ್ ಒಬ್ಬನೇ. ಅವನಿಗೆ ಹುಷಾರಿಲ್ಲ. ದಡಕ್ಕೆ ಹೋಗಿ ಮೀನು ಹಿಡಿದು ತಂದು ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಒಳ್ಳೆಯದು, ನಿಧಾನದ್ದು ಅವನಿಗೆ ಆಗುವುದಿಲ್ಲ. ಮೊದಲ ಸಲ ಆಡಿದಾಗ ನನಗಿದು ಹೊಳೆಯಲಿಲ್ಲ. ಕೈಗೆ ಸುಲಭವಾಗಿ ಸಿಕ್ಕ ಮೀನನ್ನೇ ತಂದು ತಂದು ಕೊಟ್ಟೆ, ನಾನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡೆ. ಸಿಡ್ ಸತ್ತ. ಆಮೇಲೆ ಸೆಲೆಸ್ ಏನು ಮಾಡುತ್ತಾಳೆ ಅನ್ನುವುದನ್ನು ನಾನು ಬರೆಯುವುದಿಲ್ಲ. ಆದರೆ ಅವನು ಸತ್ತರೂ ಉಳಿದರೂ ಗೇಮ್ ಮುಂದೆ ಹೋಗುತ್ತದೆ, ನಿಮ್ಮನ್ನು ಬೈಯುವುದಿಲ್ಲ, ವಾಪಸ್ ಕಳಿಸುವುದೂ ಇಲ್ಲ. ಆಡುವವನ ಕೈಯಲ್ಲೇ ಆ ಸಾವು ಆಗುವಂತೆ ಮಾಡಿ ಸುಮ್ಮನಾಗುವುದು 1994ಕ್ಕೆ ಭಾರೀ ಧೈರ್ಯದ ಕೆಲಸ.

ಅಲ್ಲಿಂದ ಎಡ್ಗರ್, ಸೆಟ್ಜರ್ ಸಿಗುವವರೆಗೆ ದಾರಿ ಹೆಚ್ಚುಕಮ್ಮಿ ನೇರ. ವಿಮಾನ ಸಿಕ್ಕ ಮೇಲೆ ಗೇಮ್ ನಿಮ್ಮ ಕೈ ಬಿಟ್ಟುಬಿಡುತ್ತದೆ. ಟೆರಾ ಸೇರಿ ಉಳಿದವರನ್ನೆಲ್ಲ ಹುಡುಕುವುದು ನಿಮ್ಮಿಷ್ಟ. ಬೇಡ ಅಂದರೆ ಮೂವರನ್ನೇ ಕಟ್ಟಿಕೊಂಡು ಗೋಪುರಕ್ಕೆ ಹೋಗಬಹುದು. ಗೆಳೆಯ 'ಸಡಿಲ' ಅಂದದ್ದು ಇದನ್ನೇ. ಖಳನಾಯಕ ಗೋಪುರದಲ್ಲಿ ಕೂತು ನಿಮ್ಮ ದಾರಿ ಕಾಯುತ್ತಾನೆ, ಕಥೆಯ ಒತ್ತಡ ಇಳಿಯುತ್ತದೆ. ಯಾರು ಪಾರ್ಟಿಯಲ್ಲಿದ್ದಾರೆ ಅಂತ ಗೊತ್ತಿಲ್ಲದ ಕಾರಣ ಸಾಮಾನ್ಯ ದೃಶ್ಯಗಳ ಮಾತುಗಳೂ ಯಾರು ಬೇಕಾದರೂ ಆಡಬಹುದಾದಂತೆ ಸಪ್ಪೆಯಾಗುತ್ತವೆ. ಸುಳಿವುಗಳಂತೂ ಕೆಲವು ಕಡೆ ಅನ್ಯಾಯ. ಗೋಗೋ ಸಿಗಬೇಕಾದರೆ ಒಂದು ರಾಕ್ಷಸ ಹುಳಕ್ಕೆ ಇಡೀ ಪಾರ್ಟಿಯನ್ನು ಬೇಕಂತಲೇ ನುಂಗಿಸಬೇಕು! ತಾನಾಗಿ ಯಾರಿಗೆ ಹೊಳೆಯುತ್ತದೆ ಹೇಳಿ. ಇಂಥ ಕಡೆ ಗೈಡ್ ನೋಡಿದರೆ ಏನೂ ಪಾಪ ಇಲ್ಲ.

ಆದರೂ ಈ ಅರ್ಧವೇ ನನಗೆ ಹೆಚ್ಚು ಇಷ್ಟ. ಸಯಾನ್‌ನನ್ನು ಮತ್ತೆ ಹುಡುಕುವ ದಾರಿ ನೋಡಿ. ಮರಾಂಡಾ ಊರಿನಲ್ಲಿ ಲೋಲಾ ಎಂಬ ಹುಡುಗಿಗೆ ಪ್ರಿಯಕರನಿಂದ ಕಾಗದ ಬರುತ್ತಿರುತ್ತದೆ, ಜೊತೆಗೆ ಹೂವು. ಅವಳ ಉತ್ತರ ಒಯ್ಯುವ ಪಾರಿವಾಳದ ಜಾಡು ಹಿಡಿದರೆ ಜೋಜೋ ಬೆಟ್ಟ ಸಿಗುತ್ತದೆ. ಅಲ್ಲಿ ತುಕ್ಕು ಹಿಡಿದ ಬಾಗಿಲು, ಅದಕ್ಕೊಂದು ಎಣ್ಣೆ ಕೊಳ್ಳಬೇಕು. ಮೇಲೆ ಹೋದರೆ ಸಯಾನ್ ಕೂತಿದ್ದಾನೆ. ಪ್ರಿಯಕರ ಎಂದೋ ಸತ್ತಿದ್ದಾನೆ. ಅವನ ಹೆಸರಲ್ಲಿ ಇಷ್ಟು ದಿನ ಕಾಗದ ಬರೆದವನು, ರೇಷ್ಮೆ ಹೂವು ಮಾಡಿ ಕಳಿಸಿದವನು ಈ ಯೋಧ. ಹೆಂಡತಿ ಮಗನನ್ನು ರೈಲು ಹತ್ತಿಸಿದವನು ಇನ್ನೊಬ್ಬರ ದುಃಖವನ್ನು ಮುಚ್ಚಿಡುತ್ತಾ ಕೂತಿದ್ದ. ಇದೆಲ್ಲ ಕಡ್ಡಾಯ ಅಲ್ಲವೇ ಅಲ್ಲ. ನಿಮ್ಮ ಗೆಳೆಯನ ಮಾತು ಕೇಳಿ ನೇರ ಗೋಪುರಕ್ಕೆ ಹೋದರೆ ಇದು ನಡೆಯುವುದೇ ಇಲ್ಲ. ಕೊನೆಯ ದೃಶ್ಯದಲ್ಲಿ ಹುಡುಕಿ ತಂದವರಿಗಷ್ಟೇ ಜಾಗ, ಬಿಟ್ಟುಬಂದವರು ಕಾಣುವುದಿಲ್ಲ. ಅದಕ್ಕೇ ಬೇಡ ಅಂದೆ.

ಗೋಪುರದಲ್ಲಿ ಪಾರ್ಟಿಯನ್ನು ಮೂರು ಗುಂಪು ಮಾಡಿ ನಡೆಸಬೇಕು. ಒಂದು ಗುಂಪು ಗುಂಡಿ ಮೆಟ್ಟಿ ನಿಂತರೆ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಯೋಚನೆ ಚೆನ್ನ, ಆದರೆ 12 ಜನಕ್ಕೆ ಕವಚ, ಕತ್ತಿ, ಉಂಗುರ ಹಂಚುವಷ್ಟರಲ್ಲಿ ಬೇಸರ ಬರುತ್ತದೆ. ಕೆಫ್ಕಾ ಜೊತೆಗಿನ ಕೊನೆ ಕಾಳಗಕ್ಕೆ ನಾಲ್ಕು ಭಾಗದ ಸಂಗೀತವಿದೆ, ಧ್ವನಿಸುರುಳಿಯಲ್ಲಿ ಅದು ಸುಮಾರು 17 ನಿಮಿಷ. ಇಲ್ಲೊಂದು ವಿಪರ್ಯಾಸ. ನೀವು ತುಂಬಾ ಬಲಿಷ್ಠರಾಗಿ ಹೋದರೆ ಕಾಳಗ ಬೇಗ ಮುಗಿದು ಸಂಗೀತ ಪೂರ್ತಿ ಕೇಳಲು ಸಿಗುವುದೇ ಇಲ್ಲ. ಅಲ್ಟಿಮಾ ಹಾಕಬೇಡಿ, ಸ್ವಲ್ಪ ತಡೆಯಿರಿ.

ಆವೃತ್ತಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2022ರಲ್ಲಿ ಕಂಪ್ಯೂಟರ್, ಫೋನ್‌ಗಳಿಗೆ, ಮರುವರ್ಷ ಕನ್ಸೋಲ್‌ಗಳಿಗೆ ಬಂದ ಪಿಕ್ಸೆಲ್ ರೀಮಾಸ್ಟರ್ ಎಂಬ ಹೊಸ ಆವೃತ್ತಿ ಸಾಕು. ಸಂಗೀತವನ್ನು ಹೊಸದಾಗಿ ನುಡಿಸಿದ್ದಾರೆ, ಆಪೆರಾಗೆ ಕಡೆಗೂ ನಿಜವಾದ ಹಾಡುಗಾರರ ದನಿ ಬಂದಿದೆ. ಕನ್ಸೋಲ್ ಆವೃತ್ತಿಯಲ್ಲಿ ಹೆಜ್ಜೆಗೊಂದು ಕಾಳಗ ಎದುರಾಗುವುದನ್ನು ನಿಲ್ಲಿಸುವ ಸೌಕರ್ಯ ಇದೆ, ದಾರಿ ತಪ್ಪಿ ಅಲೆಯುವಾಗ ಅದು ದೇವರು ಕೊಟ್ಟ ವರ. ಗೇಮ್‌ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ಸೇರಿಸಿದ್ದ ಹೆಚ್ಚುವರಿ ಗುಹೆ, ಬಾಸ್‌ಗಳು ಇದರಲ್ಲಿಲ್ಲ. ಅವಿಲ್ಲದಿದ್ದರೂ ಏನೂ ನಷ್ಟವಿಲ್ಲ. 1999ರ ಪ್ಲೇಸ್ಟೇಷನ್ ಆವೃತ್ತಿ ಬೇಡ, ಮೆನು ತೆರೆಯುವುದಕ್ಕೂ ಕಾಯಿಸುತ್ತದೆ.

ಕೊನೆಗೊಂದು ಎಚ್ಚರಿಕೆ. ಮೊದಲರ್ಧದ ಕೊನೆಯಲ್ಲಿ ಗಾಳಿಯಲ್ಲಿ ತೇಲುವ ಭೂಮಿಗೆ ಹೋಗುತ್ತೀರಿ. ಅಲ್ಲಿಂದ ಓಡಿ ಬರುವಾಗ 6 ನಿಮಿಷದ ಟೈಮರ್ ಇರುತ್ತದೆ. ಅಂಚಿಗೆ ಬಂದಾಗ ಹಾರುವುದೋ ಕಾಯುವುದೋ ಅಂತ ಕೇಳುತ್ತದೆ. ಕೈ ಹಾರು ಅಂತಲೇ ಹೇಳುತ್ತದೆ. ನೀವು ಕಾಯಿರಿ. ಟೈಮರ್ 5 ಸೆಕೆಂಡಿಗೆ ಬರುವ ತನಕ ಕಾಯಿರಿ. ಯಾರಿಗೋಸ್ಕರ ಅಂತ ಹೇಳುವುದಿಲ್ಲ.